ಹಳೇ ಪಿಕಪ್‌ಗೆ ಆಕ್ಸಿಜನ್ ಸೆನ್ಸರ್: ಅಂಗಡಿಯವರು ತೋರಿಸುವುದರಲ್ಲಿ ಸರಿಯಾದದ್ದು ಯಾವುದು?

ಆಕ್ಸಿಜನ್ ಸೆನ್ಸರ್ ಅಂದರೆ ಸೈಲೆನ್ಸರ್ ಪೈಪಿನ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಭಾಗ. ಗಾಡಿ ಹೆಸರು ಹೇಳಿ ಅದನ್ನು ಕೇಳಬೇಡಿ. ಹಳೇ ಸೆನ್ಸರ್ ಬಿಚ್ಚಿ, ಅದರ ಮೈಮೇಲಿರುವ ನಂಬರ್ ನೋಡಿ, ಆ ನಂಬರ್ ಹೇಳಿ ಕೇಳಿ. ನನ್ನ ಉತ್ತರ ಇಷ್ಟೇ. ಆದರೆ ಇದನ್ನು ತಿಳಿಯುವಷ್ಟರಲ್ಲಿ ನನ್ನ ಅರ್ಧ ಮಾವಿನ ಸೀಸನ್ ಹಾಳಾಯಿತು, ನಿಮಗೆ ಹಾಗಾಗಬಾರದು ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಿಮ್ಮದು ಹಳೇ ಪೆಟ್ರೋಲ್-ಸಿಎನ್‌ಜಿ ಪಿಕಪ್, ಚೆಕ್ ಇಂಜಿನ್ ಲೈಟ್ ಆರುತ್ತಿಲ್ಲ, ಸ್ಕ್ಯಾನರ್ ಹಾಕಿದರೆ ಪಿ0135 ಅನ್ನೋ ಕೋಡ್ ಬಂತು, ಅಂಗಡಿಯವರು ಮೂರು ಬಗೆ ತೋರಿಸಿ ಯಾವುದಾದರೂ ಕೂರುತ್ತೆ ಅಂದರು ಅಂತ ಬರೆದಿದ್ದೀರಿ. ಕೂರುವುದೇನೋ ನಿಜ. ಹೆಚ್ಚಿನ ಸೆನ್ಸರ್‌ಗಳ ಥ್ರೆಡ್ ಒಂದೇ ಅಳತೆ, 18 ಮಿಲಿಮೀಟರ್. ಹಾಗಂತ ಕೂತಿದ್ದೆಲ್ಲಾ ಕೆಲಸ ಮಾಡುವುದಿಲ್ಲ.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಪಿ0135 ಅಂದರೆ ಮುಂದಿನ ಸೆನ್ಸರ್‌ನ, ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲು ಇರುವುದರ, ಹೀಟರ್ ಸರ್ಕ್ಯೂಟ್‌ನಲ್ಲಿ ತೊಂದರೆ ಅಂತ. ಹಿಂದಿನದಾದರೆ ಪಿ0141 ಬರುತ್ತಿತ್ತು. ಈ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗದೆ ಕೆಲಸ ಶುರು ಮಾಡುವುದಿಲ್ಲ, ಅದಕ್ಕೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ. ಆ ಹೀಟರ್‌ಗೆ ಕರೆಂಟ್ ಹೋಗುವ ಫ್ಯೂಸ್ ಸುಟ್ಟಿದ್ದರೂ ಇದೇ ಕೋಡ್ ಬರುತ್ತದೆ, ವೈರ್ ಸೈಲೆನ್ಸರ್‌ಗೆ ತಗುಲಿ ಕರಗಿದ್ದರೂ ಬರುತ್ತದೆ. ಮೊದಲು ಫ್ಯೂಸ್ ನೋಡಿ. ಆಮೇಲೆ ಇಂಜಿನ್ ತಣ್ಣಗಿರುವಾಗ ಕಪ್ಲರ್ (ತಂತಿಗಳನ್ನು ಸಿಕ್ಕಿಸುವ ಪ್ಲಗ್) ಬಿಚ್ಚಿ, ಸೆನ್ಸರ್ ಕಡೆಯಲ್ಲಿ ಒಂದೇ ಬಣ್ಣದ ಎರಡು ತಂತಿ ಇರುತ್ತಲ್ಲ, ಅದರ ಮಧ್ಯೆ ಮಲ್ಟಿಮೀಟರ್ ಇಡಿ. ಸಾಮಾನ್ಯವಾಗಿ 2ರಿಂದ 20 ಓಮ್ ಒಳಗೆ ತೋರಿಸಿದರೆ ಹೀಟರ್ ಬದುಕಿದೆ ಅಂತ. ಏನೂ ತೋರಿಸದಿದ್ದರೆ ಹೀಟರ್ ಹೋಗಿದೆ, ಸೆನ್ಸರ್ ಬದಲಾಯಿಸಲೇಬೇಕು.

ಈಗ ನನ್ನ ಕಥೆ. ನಾನು ಶ್ರೀನಿವಾಸಪುರದ ಕಡೆಯವನು, ಸೀಸನ್‌ನಲ್ಲಿ ಮಾವು, ಉಳಿದ ದಿನ ಟೊಮೆಟೊ ಲೋಡ್ ಹೊಡೆಯುತ್ತೇನೆ. ಹೋದ ಮಾವಿನ ಸೀಸನ್ ಶುರುವಿನಲ್ಲೇ ನನಗೂ ಇದೇ ಕೋಡ್ ಬಂತು. ಒಂದು ಅಂಗಡಿಯಲ್ಲಿ ನಾಲ್ಕು ತಂತಿಯ ಯೂನಿವರ್ಸಲ್ ಸೆನ್ಸರ್, ಅಂದರೆ ಯಾವ ಗಾಡಿಗಾದರೂ ಆಗುತ್ತೆ ಅಂತ ಮಾರುವುದು, ಕೊಟ್ಟರು, ಕಪ್ಲರ್ ಇರಲಿಲ್ಲ, ಹಳೇದನ್ನು ಕತ್ತರಿಸಿ ಬಣ್ಣ ನೋಡಿ ಜೋಡಿಸಿ ಅಂದರು. ಹಾಗೇ ಮಾಡಿಸಿದೆ. ಕೋಡ್ ಅಳಿಸಿದಾಗ ಲೈಟ್ ಆರಿತು, ಮಾರನೇ ದಿನ ಲೋಡ್ ತುಂಬಿಕೊಂಡು ಬೆಂಗಳೂರಿಗೆ ಹೊರಟವನು ನರಸಾಪುರ ದಾಟುವಷ್ಟರಲ್ಲಿ ಲೈಟ್ ಮತ್ತೆ ಹತ್ತಿಕೊಂಡಿತು. ಮೈಲೇಜ್ ಬಿತ್ತು, ಎಮಿಷನ್ ಟೆಸ್ಟ್‌ನಲ್ಲೂ ಫೇಲಾಯಿತು. ಕೊನೆಗೆ ಕೋಲಾರದ ಟಮಕದ ಹತ್ತಿರ ಒಬ್ಬ ಆಟೋ ಎಲೆಕ್ಟ್ರಿಷಿಯನ್ ತಂತಿಗಳನ್ನು ನೋಡಿದ ತಕ್ಷಣ ವಿಷಯ ಹೇಳಿದರು.

ಬಣ್ಣದಲ್ಲೇ ಮೋಸ ಇರುವುದು. ಬಾಷ್ ಕಂಪನಿಯ ನಾಲ್ಕು ತಂತಿಯ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಎರಡು ಬಿಳಿ ತಂತಿ ಹೀಟರ್‌ಗೆ, ಕಪ್ಪು ಸಿಗ್ನಲ್‌ಗೆ, ಬೂದು ಬಣ್ಣದ್ದು ಗ್ರೌಂಡ್‌ಗೆ. ಡೆನ್ಸೋದಲ್ಲಿ ಎರಡು ಕಪ್ಪು ತಂತಿ ಹೀಟರ್, ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ ಅಂತ ಜೋಡಿಸಿದರೆ ಏನಾಗುತ್ತೆ ನೋಡಿ: ಒಂದು ವೋಲ್ಟ್ ಕೂಡ ದಾಟದ ಸಿಗ್ನಲ್ ತಂತಿಗೆ ಹೀಟರ್‌ನ 12 ವೋಲ್ಟ್ ನುಗ್ಗಬಹುದು. ನನ್ನ ಗಾಡಿಯಲ್ಲಿ ಅದೇ ಆಗಿತ್ತು. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡದೆ ಉಳಿದದ್ದು ದೇವರ ದಯೆ.

ಅದಕ್ಕೇ ಹೇಳುತ್ತಿದ್ದೇನೆ, ನಂಬರ್ ಮುಖ್ಯ. ಸ್ಪ್ಯಾನರ್ ಕೂರುವ ಆರು ಮೂಲೆಯ ಭಾಗದಲ್ಲೋ ಅದರ ಮೇಲಿನ ಲೋಹದ ಮೈಯಲ್ಲೋ ನಂಬರ್ ಕೊರೆದಿರುತ್ತಾರೆ. ಮಸಿ ಹಿಡಿದಿದ್ದರೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ. ನಂಬರ್ ಪೂರ್ತಿ ಅಳಿಸಿಹೋಗಿದ್ದರೆ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ತೆಗೆದುಕೊಂಡು ಕಂಪನಿಯ ಪಾರ್ಟ್ಸ್ ಕೌಂಟರ್‌ಗೆ ಹೋಗಿ, ಅವರ ಕಂಪ್ಯೂಟರ್‌ನಲ್ಲಿ ಪಾರ್ಟ್ ನಂಬರ್ ತೆಗೆಸಿ ಬರೆದುಕೊಳ್ಳಿ. ಮಾಡೆಲ್ ಹೆಸರು ಒಂದೇ ಇದ್ದರೂ ಹಳೇ ಹೊಗೆ ನಿಯಮದ ಬಿಎಸ್4 ಗಾಡಿಯ ಸೆನ್ಸರ್ ಬೇರೆ, 2020ರ ಏಪ್ರಿಲ್ ಆದಮೇಲೆ ಬಂದ ಬಿಎಸ್6 ಗಾಡಿಯದು ಬೇರೆ ಇರಬಹುದು. ಹಿಂದೆ-ಮುಂದೆ ಎರಡು ಸೆನ್ಸರ್ ಇರುವ ಗಾಡಿಯಲ್ಲಿ ನೋಡಲು ಎರಡೂ ಒಂದೇ ಥರ ಇದ್ದರೂ ವೈರ್ ಉದ್ದ, ಕಪ್ಲರ್ ಬೇರೆ ಇರುತ್ತದೆ. ಸುಮ್ನೆ ಎಳೆದು ಜೋಡಿಸಿದರೆ ಆ ವೈರ್ ಬಿಸಿ ಪೈಪ್‌ಗೆ ತಗುಲಿ ಕರಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೂ ಹಳೇ ಸೆನ್ಸರ್ ಕೈಯಲ್ಲೇ ಇರಲಿ. ಎರಡನ್ನೂ ಪಕ್ಕದಲ್ಲಿಟ್ಟು ತಂತಿ ಎಷ್ಟು, ಕಪ್ಲರ್‌ನ ಗಾಳ ಯಾವ ಕಡೆ ಇದೆ, ತುದಿಯ ಉದ್ದ ಎಷ್ಟು ಅಂತ ನೋಡಿ. ಕಪ್ಲರ್ ಸಮೇತ ಬರುವುದನ್ನೇ ತಗೊಳ್ಳಿ, ಸ್ವಲ್ಪ ದುಬಾರಿ ಆದರೂ ಪರವಾಗಿಲ್ಲ. ಇನ್ನೊಂದು ಮಾತು, ಏರ್-ಫ್ಯೂಯಲ್ ಸೆನ್ಸರ್ ಅನ್ನೋದು ಬೇರೆ ಜಾತಿ. ಅದರಲ್ಲೂ ನಾಲ್ಕು ತಂತಿಯದು ಸಿಗುತ್ತದೆ, ತಂತಿ ಎಣಿಸಿ ಮೋಸ ಹೋಗಬೇಡಿ.

ಹಾಕುವಾಗ ಇಂಜಿನ್ ಸ್ವಲ್ಪ ಬೆಚ್ಚಗಿದ್ದರೆ ಹಳೇದು ಸುಲಭವಾಗಿ ಬಿಡುತ್ತದೆ. ಸಾಮಾನ್ಯವಾಗಿ 22ರ ಸ್ಪ್ಯಾನರ್ ಬೇಕು. ಜಾಮ್ ಆಗಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಹೊಸದರ ತುದಿಗೆ ಗ್ರೀಸ್, ಎಣ್ಣೆ ಏನೂ ತಾಗಿಸಬೇಡಿ. ಹತ್ತಿರದಲ್ಲಿ ಸಿಲಿಕಾನ್ ಪೇಸ್ಟ್ ಬಳಿಯಲು ಬಿಡಲೇಬೇಡಿ, ಅದರ ಹೊಗೆಗೇ ಸೆನ್ಸರ್ ಸಾಯುತ್ತದೆ. ತಂತಿ ಜೋಡಿಸಲೇಬೇಕಾಗಿ ಬಂದರೆ ಬೆಸುಗೆ ಹಾಕಿಸಬೇಡಿ, ಕ್ರಿಂಪ್ ಮಾಡಿಸಿ, ಅಂದರೆ ಲೋಹದ ಚಿಕ್ಕ ಕೊಳವೆಯಲ್ಲಿ ತಂತಿ ಇಟ್ಟು ಒತ್ತಿಸಿ. ಎಷ್ಟೋ ಸೆನ್ಸರ್‌ಗಳು ಹೊರಗಿನ ಗಾಳಿಯನ್ನು ತಂತಿಯ ಎಳೆಗಳ ಸಂದಿಯಿಂದಲೇ ಒಳಗೆ ಎಳೆದುಕೊಳ್ಳುತ್ತವೆ, ಬೆಸುಗೆ ಆ ದಾರಿ ಮುಚ್ಚುತ್ತದೆ.

ನಿಮ್ಮ ಸಿಎನ್‌ಜಿ ಕಿಟ್ ಹೊರಗೆ ಹಾಕಿಸಿದ್ದಾದರೆ ಸೆನ್ಸರ್‌ನ ಸಿಗ್ನಲ್ ತಂತಿಯಿಂದ ಒಂದು ಕವಲು ಕಿಟ್‌ಗೆ ಹೋಗಿರಬಹುದು. ಹೊಸ ಸೆನ್ಸರ್ ಹಾಕುವ ಮುಂಚೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಆ ಜಾಯಿಂಟ್ ಸಡಿಲ ಇದೆಯಾ ಅಂತಲೂ ನೋಡಿ.

ಬಿಚ್ಚಿದ ಮೇಲೆ ನಂಬರ್, ತಂತಿಗಳ ಬಣ್ಣ, ಗಾಡಿ ಯಾವ ವರ್ಷದ್ದು ಅನ್ನೋದನ್ನು ಇಲ್ಲೇ ಕೆಳಗೆ ಬರೆಯಿರಿ. ಸಂಜೆ ಲೋಡ್ ಇಳಿಸಿದ ಮೇಲೆ ನೋಡಿ ಹೇಳುತ್ತೇನೆ.