ಆತ್ಮಕಥೆ ಓದಿ ಶಿಕ್ಷಕಿಯಾಗಬಹುದೇ?

ಹೆಸರು ಪ್ರಕಟಿಸಬಾರದೆಂದು ಕೋರಿರುವ ರಾಣೆಬೆನ್ನೂರಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ‘ಹೆಲನ್ ಕೆಲರ್ ಅವರ ಆತ್ಮಕಥೆ ಓದಿದಾಗಿನಿಂದ ವಿಶೇಷ ಶಿಕ್ಷಣದ ಬಿ.ಎಡ್. ಮಾಡಿ, ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಕಲಿಸಬೇಕೆಂಬ ಆಸೆ ಹುಟ್ಟಿದೆ. ಬಿ.ಎಸ್ಸಿ. ಮುಗಿದ ಕೂಡಲೇ ಧಾರವಾಡದಲ್ಲಿ ಕೆ.ಎ.ಎಸ್. ಕೋಚಿಂಗ್ ಸೇರು, ಒಂದು ಪುಸ್ತಕ ನಂಬಿ ಬದುಕು ಕಟ್ಟಲಾಗದು ಎನ್ನುತ್ತಾರೆ ಅಪ್ಪ. ಯಾರ ಮಾತು ಸರಿ?’

ಸೋದರಿ, ನಿಮ್ಮ ತಂದೆಯವರ ಚಿಂತೆಯಲ್ಲಿ ಹುರುಳಿದೆ. ವಿಶೇಷ ಶಿಕ್ಷಕರಲ್ಲಿ ಅನೇಕರು ಗುತ್ತಿಗೆಯ ಮೇಲೆ, ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದಾರೆ. ಆದರೂ ಒಂದು ಪುಸ್ತಕವನ್ನು ನಂಬಿ ಬದುಕು ಕಟ್ಟಬಹುದು ಎಂಬುದಕ್ಕೆ ನೀವು ಓದಿದ ಪುಸ್ತಕವೇ ಸಾಕ್ಷಿ. 19 ತಿಂಗಳ ಕೂಸಾಗಿದ್ದಾಗ ಕಾಯಿಲೆಯಿಂದ ದೃಷ್ಟಿ, ಶ್ರವಣ ಎರಡನ್ನೂ ಕಳೆದುಕೊಂಡ ಮಗಳಿಗೆ ವಿದ್ಯೆ ಸಾಧ್ಯವೆಂಬ ಭರವಸೆ ಹೆಲನ್ ಅವರ ತಾಯಿಗೆ ಮೂಡಿದ್ದು, ಅಂಥದೇ ಸ್ಥಿತಿಯ ಲಾರಾ ಬ್ರಿಜ್‌ಮನ್ ಅಕ್ಷರ ಕಲಿತ ಸಂಗತಿಯನ್ನು ಚಾರ್ಲ್ಸ್ ಡಿಕನ್ಸರ 1842ರ ಅಮೆರಿಕ ಪ್ರವಾಸಕಥನದಲ್ಲಿ ಓದಿದಾಗ. ಗುರುವಾಗಿ ಬಂದ ಆ್ಯನ್ ಸಲಿವನ್ ಹೊರಡುವ ಮುನ್ನ ತಿಂಗಳುಗಟ್ಟಲೆ ಕುಳಿತು ಓದಿದ್ದು ಲಾರಾಳಿಗೆ ಕಲಿಸಿದವರು ಬರೆದಿಟ್ಟ ವರದಿಗಳನ್ನು. ಓದು ಓದನ್ನು ಹಿಡಿದುಕೊಂಡು ಬಂದು ಒಂದು ಮಗುವಿನ ಮನೆ ಬಾಗಿಲು ತಟ್ಟಿತು.

ನಿಮ್ಮನ್ನು ತುಸು ಗದರಲೂಬೇಕಾಗಿದೆ. ನಿಮ್ಮ ಪತ್ರದ ತುಂಬ ನೀರಿನ ಪಂಪಿನ ಪ್ರಸಂಗವೇ ಇದೆ: ಹೆಲನ್‌ಳ ಒಂದು ಕೈಮೇಲೆ ನೀರು ಸುರಿಯುತ್ತಿರುವಾಗ ಆ್ಯನ್ ಇನ್ನೊಂದು ಕೈಯಲ್ಲಿ ‘ನೀರು’ ಎಂಬ ಪದದ ಅಕ್ಷರಗಳನ್ನು ಬರೆದು, ವಸ್ತುಗಳಿಗೆ ಹೆಸರಿದೆ ಎಂದು ಅವಳಿಗೆ ಮೊದಲ ಬಾರಿ ಹೊಳೆದ ಗಳಿಗೆ. ಆ ಆತ್ಮಕಥೆಯ 1903ರ ಆವೃತ್ತಿಯ ಕೊನೆಯ ಭಾಗದಲ್ಲಿರುವ ಆ್ಯನ್ ಅವರ ಪತ್ರಗಳನ್ನು ಹುಡುಕಿ ಓದಿರಿ. 1887ರ ಮಾರ್ಚ್ 3ರಂದು ಆ ಮನೆಗೆ ಬಂದಾಗ ಅವರಿಗೆ 20 ವರ್ಷ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಎಲ್ಲರ ತಟ್ಟೆಗೂ ಕೈಹಾಕುತ್ತಿದ್ದ ಹುಡುಗಿಗೆ ತನ್ನ ತಟ್ಟೆಯಲ್ಲಿ ಚಮಚದಿಂದ ತಿನ್ನುವುದನ್ನು ಕಲಿಸಲು, ಮನೆಯವರು ಎದ್ದುಹೋದ ಮೇಲೆ ಊಟದ ಕೋಣೆಗೆ ಕೀಲಿ ಹಾಕಿಕೊಂಡು, ಅವಳು ಚಿವುಟಿದರೂ ಪಟ್ಟು ಬಿಡದೆ, ಎಸೆದ ಚಮಚವನ್ನು ಅವಳಿಂದಲೇ ಎತ್ತಿಸಿದರು. ಕೈವಸ್ತ್ರ ಮಡಚಿಸುವುದಕ್ಕೇ ಮತ್ತೊಂದು ಗಂಟೆ ಹಿಡಿಯಿತು. ಆ ಪಂಪಿನ ದಿನ ಬಂದದ್ದು ಇದೆಲ್ಲ ಆದ ಮೇಲೆ. ಇದನ್ನು ಓದಿಯೂ ಆಸೆ ಉಳಿದರೆ ಅದು ಗಟ್ಟಿ ಆಸೆ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆದರೆ ಕಲಿಸುವವರು ಎಲ್ಲಿಂದ ಬರಬೇಕು? ಪರೀಕ್ಷೆಯ ಗೈಡ್ ಬಿಟ್ಟು ಬೇರೆ ಪುಸ್ತಕ ಹಿಡಿದ ಮಗುವಿಗೆ ‘ಹೊತ್ತು ಹಾಳು ಮಾಡಬೇಡ’ ಎನ್ನುವ ಮನೆಗಳೇ ನಮ್ಮಲ್ಲಿ ಹೆಚ್ಚು; ಎಷ್ಟೋ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೋಣೆಯ ಬೀಗ ಹಾಕಿದ ಕಪಾಟು. ಧಾರವಾಡದ ಸಪ್ತಾಪುರ ಬಡಾವಣೆಯ ಕೋಚಿಂಗ್ ಕೇಂದ್ರಗಳಿಗೆ ಮಕ್ಕಳನ್ನು ಕಳಿಸಲು ಹೊಲ ಅಡವಿಡುವ ನಾವು, ಒಂದು ಆತ್ಮಕಥೆ ಕೊಳ್ಳಲು ಹಿಂದೆಮುಂದೆ ನೋಡುತ್ತೇವೆ. ಇದು ನನಗೆ ಬಹಳ ನೋವಿನ ಸಂಗತಿ.

ತಂದೆಯವರನ್ನು ಕರೆದುಕೊಂಡು ಒಮ್ಮೆ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬನ್ನಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ಅಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಿದರು. ಇನ್ನು ಬಿ.ಎಡ್. ಸೇರುವಾಗ ಆ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ, ಶುಲ್ಕದ ಮಾತು ಆಮೇಲೆ.

— ಸಂಪಾದಕ