ಗ್ರೇವಿ, ಗಡಿಯಾರ ಮತ್ತು ಪೆಕಮ್‌ನ ಅಣ್ಣತಮ್ಮಂದಿರು

ಈ ಸಲದ ಪ್ರಶ್ನೆಗಳೆಲ್ಲ ಬಿಬಿಸಿಯ ಹಾಸ್ಯ ಧಾರಾವಾಹಿ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ನ 1996ರ ಕ್ರಿಸ್‌ಮಸ್ ವಿಶೇಷ ಕಂತುಗಳ ಬಗ್ಗೆ. ನೋಡದವರಿಗೆ ಎರಡು ಮಾತು. ದಕ್ಷಿಣ ಲಂಡನ್ನಿನ ಪೆಕಮ್‌ನಲ್ಲಿ, ನೆಲ್ಸನ್ ಮಂಡೇಲಾ ಹೌಸ್ ಎಂಬ ಸರ್ಕಾರಿ ವಸತಿ ಕಟ್ಟಡದ ಒಂದು ಫ್ಲ್ಯಾಟು. ಅಲ್ಲಿ ಡೆಲ್, ಅವನ ತಮ್ಮ ರಾಡ್ನಿ, ಅಜ್ಜನ ಸೋದರ ಆಲ್ಬರ್ಟ್ ಇರುತ್ತಾರೆ. ಲೈಸೆನ್ಸೂ ಇಲ್ಲದೆ, ತೆರಿಗೆಯೂ ಕಟ್ಟದೆ, ಮೂರು ಚಕ್ರದ ಹಳದಿ ವ್ಯಾನಿನಲ್ಲಿ ಸಿಕ್ಕಿದ ಮಾಲನ್ನೆಲ್ಲ ಮಾರುವುದು ಇವರ ಕಸುಬು. ಬರೆದವರು ಜಾನ್ ಸಲಿವನ್. ಡೆಲ್ ಆಗಿ ಡೇವಿಡ್ ಜೇಸನ್, ರಾಡ್ನಿಯಾಗಿ ನಿಕೋಲಸ್ ಲಿಂಡ್‌ಹರ್ಸ್ಟ್, ಆಲ್ಬರ್ಟ್ ಆಗಿ ಬಸ್ಟರ್ ಮೆರಿಫೀಲ್ಡ್.

ಪ್ರ: ಒಟ್ಟು 64 ಕಂತು ಇದೆಯಂತೆ. ಅಷ್ಟೂ ನೋಡಲು ಪುರುಸೊತ್ತಿಲ್ಲ. ನೇರವಾಗಿ ‘ಟೈಮ್ ಆನ್ ಅವರ್ ಹ್ಯಾಂಡ್ಸ್’ ನೋಡಿದರೆ ಅರ್ಥವಾಗುತ್ತದೆಯೇ? (ಓದುಗರು, ಹಾಸನ)

ಕತೆ ಅರ್ಥವಾಗುತ್ತದೆ, ಆದರೆ ಮನಸ್ಸಿಗೆ ನಾಟುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಅಂತರ್ಜಾಲದಲ್ಲಿ, ಡೆಲ್ ಗ್ಯಾರೇಜಿನಲ್ಲಿ ಸಿಕ್ಕ ಹಳೆಯ ಗಡಿಯಾರದ ಹರಾಜಿನ ತುಣುಕು ನೋಡಿ, ‘ಲಾಟರಿ ಹೊಡೆದ ಕತೆ ತಾನೆ’ ಎಂದು ಸುಮ್ಮನಾಗುತ್ತಾರೆ. ಅದು ಮೂರು ಕಂತುಗಳ ಒಂದೇ ಕತೆಯ ಕೊನೆಯ ಭಾಗ. 1996ರ ಡಿಸೆಂಬರ್ 25ಕ್ಕೆ ‘ಹೀರೋಸ್ ಅಂಡ್ ವಿಲನ್ಸ್’, 27ಕ್ಕೆ ‘ಮಾಡರ್ನ್ ಮೆನ್’, 29ಕ್ಕೆ ‘ಟೈಮ್ ಆನ್ ಅವರ್ ಹ್ಯಾಂಡ್ಸ್’ ಪ್ರಸಾರವಾದವು. ಮೊದಲನೆಯದರ ಕೊನೆಗೆ ರಾಡ್ನಿಯ ಹೆಂಡತಿ ಕಸಾಂಡ್ರಾ ಬಸುರಿ ಎಂದು ಗೊತ್ತಾಗುತ್ತದೆ. ಎರಡನೆಯದರ ಕೊನೆಗೆ ಗರ್ಭ ನಿಲ್ಲುವುದಿಲ್ಲ. ದುಡ್ಡು ಬರುವುದು ಆಮೇಲೆ, ಮೂರನೆಯದರಲ್ಲಿ. ಆ ಎರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ನೋಡಿದರೆ ರಾಡ್ನಿ ಅರ್ಧ ಕಂತು ಯಾಕೆ ಮಂಕಾಗಿರುತ್ತಾನೆ ಎಂಬುದೇ ತಿಳಿಯದು.

ಇನ್ನೂ ನಾಲ್ಕು ಕಂತು ಮೊದಲೇ ನೋಡಿಕೊಂಡರೆ ಪಾತ್ರಗಳ ಗುರುತು ಸಿಗುತ್ತದೆ. 1988ರ ಕ್ರಿಸ್‌ಮಸ್ ಕಂತು ‘ಡೇಟ್ಸ್’ನಲ್ಲಿ ಜೋಡಿ ಹುಡುಕಿಕೊಡುವ ಏಜೆನ್ಸಿಯ ಮೂಲಕ ಡೆಲ್‌ಗೆ, ಮುಂದೆ ಅವನ ಸಂಗಾತಿಯಾಗುವ ರಾಕೆಲ್ ಪರಿಚಯವಾಗುತ್ತಾಳೆ. 1989ರ ‘ಲಿಟಲ್ ಪ್ರಾಬ್ಲಮ್ಸ್’ನಲ್ಲಿ ರಾಡ್ನಿಯ ಮದುವೆ. ಅದೇ ವರ್ಷದ ಕ್ರಿಸ್‌ಮಸ್ ಕಂತು ‘ದ ಜಾಲಿ ಬಾಯ್ಸ್ ಔಟಿಂಗ್’ನಲ್ಲಿ, ದೂರವಾಗಿದ್ದ ರಾಕೆಲ್ ಮಾರ್ಗೇಟ್ ಎಂಬ ಕಡಲೂರಿನಲ್ಲಿ ಮತ್ತೆ ಸಿಗುತ್ತಾಳೆ. 1991ರ ‘ತ್ರೀ ಮೆನ್, ಎ ವುಮನ್ ಅಂಡ್ ಎ ಬೇಬಿ’ಯಲ್ಲಿ ಡೆಲ್ ಮಗ ಡೇಮಿಯನ್ ಹುಟ್ಟುತ್ತಾನೆ. ಇದೇ ಕ್ರಮದಲ್ಲಿ ನೋಡಿ. ಎರಡು ಶನಿವಾರ, ಭಾನುವಾರಗಳಲ್ಲಿ ಆರಾಮಾಗಿ ಮುಗಿಯುತ್ತದೆ. ಮಾತು ಪೂರ್ತಿ ದಕ್ಷಿಣ ಲಂಡನ್ ಗಲ್ಲಿ ಭಾಷೆ, ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚ ಬೇಡ. ಡೆಲ್ ನಡುನಡುವೆ ಫ್ರೆಂಚ್ ಉದುರಿಸಿದರೆ ನಿಘಂಟು ತೆರೆಯಬೇಡಿ. ಅದಕ್ಕೆ ಅರ್ಥವಿಲ್ಲ, ಅದೇ ತಮಾಷೆ.

ಪ್ರ: ‘ಟೈಮ್ ಆನ್ ಅವರ್ ಹ್ಯಾಂಡ್ಸ್’ನ ಬೀಗರ ಊಟದ ದೃಶ್ಯದಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಗ್ರೇವಿಗೂ ಕಾಫಿಗೂ ಅದಲುಬದಲು ಹೇಗಾಗುತ್ತದೆ? (ಗೃಹಿಣಿಯೊಬ್ಬರು, ಮೈಸೂರು)

ನಮ್ಮ ಹೋಟೆಲಿನ ಮಸಾಲೆ ಗ್ರೇವಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಬ್ರಿಟನ್ನಿನಲ್ಲಿ ಗ್ರೇವಿ ಎಂದರೆ ಒಲೆಯಲ್ಲಿ ಬೆಂದ ಮಾಂಸ, ಆಲೂಗೆಡ್ಡೆಯ ಮೇಲೆ ಸುರಿದುಕೊಳ್ಳುವ ಕಂದು ಬಣ್ಣದ ಬಿಸಿ ಸಾರು. ಮಾಂಸ ಬೆಂದ ತಟ್ಟೆಯಲ್ಲಿ ಇಳಿದ ರಸದಿಂದ ಮಾಡುವುದು ಹಳೆಯ ಕ್ರಮ. ಅವಸರದವರಿಗೆ ಅಂಗಡಿಯ ಹರಳು ಇದೆ: ಪಿಷ್ಟ, ಕೊಬ್ಬು, ಉಪ್ಪು, ಬಣ್ಣ ಸೇರಿಸಿ ಮಾಡಿದ ಕಂದು ಕಾಳು. ಸುಮಾರು 280 ಮಿಲಿ ಕುದಿಯುವ ನೀರಿಗೆ ನಾಲ್ಕು ಚಮಚ ತುಂಬಿ ಹಾಕಿ ತಿರುವಿದರೆ ಗಟ್ಟಿಯಾಗುತ್ತದೆ. ಇನ್‌ಸ್ಟಂಟ್ ಕಾಫಿಯೂ ಕಂದು ಹರಳೇ, ಅದಕ್ಕೂ ಕುದಿಯುವ ನೀರೇ. ಡಬ್ಬಿ ಬದಲಾದರೆ ಕಣ್ಣಿಗೆ ಸುಳಿವೇ ಸಿಗುವುದಿಲ್ಲ. ಮಾಂಸದ ಮೇಲೆ ನೀರುನೀರಾದ ಕಹಿ ಕಾಫಿ, ಲೋಟದಲ್ಲಿ ಉಪ್ಪುಪ್ಪಾದ ಗಂಜಿ. ಆಲ್ಬರ್ಟ್ ಮಾಡಿದ್ದು ಇಷ್ಟೇ.

ದೃಶ್ಯ ಗೆಲ್ಲುವುದು ಮಾತ್ರ ಅಡುಗೆಯ ಎಡವಟ್ಟಿನಿಂದಲ್ಲ. ರಾಕೆಲ್ ತನ್ನ ತಂದೆತಾಯಿಯೊಂದಿಗೆ ವರ್ಷಗಟ್ಟಲೆ ಮಾತು ಬಿಟ್ಟವಳು, ಅವರು ಮೊದಲ ಸಲ ಮನೆಗೆ ಬಂದಿದ್ದಾರೆ. ಬಾಯಿಗಿಟ್ಟದ್ದನ್ನು ಉಗುಳುವಂತಿಲ್ಲ, ಹೊಗಳುವಂತೆಯೂ ಇಲ್ಲ. ಡೇವಿಡ್ ಜೇಸನ್ ಮುಖವನ್ನೇ ನೋಡುತ್ತಿರಿ. ತುತ್ತು ಒಳಗೆ ಹೋದ ಮೇಲೂ ಆತಿಥೇಯನ ನಗೆ ಕೆಲ ಕ್ಷಣ ಹಾಗೇ ಉಳಿದು, ಆಮೇಲೆ ಕಣ್ಣು ಮಾತ್ರ ಬದಲಾಗುತ್ತದೆ.

ಪ್ರ: ಡೆಲ್ ಗ್ಯಾರೇಜಿನಲ್ಲಿ ಸಿಗುವ ಜಾನ್ ಹ್ಯಾರಿಸನ್ ಗಡಿಯಾರ ನಿಜವೇ? ಒಂದು ವಾಚಿಗೆ 62 ಲಕ್ಷ ಪೌಂಡು ಅತಿಯಾಗಲಿಲ್ಲವೇ? (ವಾಚ್ ರಿಪೇರಿ ಮಾಡುವವರು, ಹುಬ್ಬಳ್ಳಿ)

ಹ್ಯಾರಿಸನ್ ನಿಜ, ಆ ಗಡಿಯಾರ ಕಲ್ಪನೆ. ನಿಮ್ಮ ಕಸುಬಿನವರು ಕೇಳಿದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಡುಗಡಲಲ್ಲಿ ಹಡಗು ಪೂರ್ವ-ಪಶ್ಚಿಮವಾಗಿ ಎಲ್ಲಿದೆ ಎಂದು ತಿಳಿಯಲು ಎರಡು ಹೊತ್ತು ಗೊತ್ತಿರಬೇಕು: ಹಡಗಿನ ಮೇಲೆ ಸೂರ್ಯ ನೆತ್ತಿಗೆ ಬಂದ ಹೊತ್ತು, ಮತ್ತು ಅದೇ ಗಳಿಗೆಯಲ್ಲಿ ಹೊರಟ ಊರಿನ ಹೊತ್ತು. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುವುದರಿಂದ ನಾಲ್ಕು ನಿಮಿಷದ ವ್ಯತ್ಯಾಸ ಒಂದು ಡಿಗ್ರಿ ರೇಖಾಂಶಕ್ಕೆ ಸಮ. ಸಮಭಾಜಕದ ಬಳಿ ಅದು ಸುಮಾರು 111 ಕಿ.ಮೀ. ಅಂದರೆ ಗಡಿಯಾರ ಬರೀ ನಾಲ್ಕು ಸೆಕೆಂಡ್ ತಪ್ಪಿದರೂ ಹಡಗು ಹೆಚ್ಚುಕಡಿಮೆ ಎರಡು ಕಿ.ಮೀ. ತಪ್ಪುತ್ತದೆ. 1714ರಲ್ಲಿ ಬ್ರಿಟಿಷ್ ಸಂಸತ್ತು ಅರ್ಧ ಡಿಗ್ರಿಯೊಳಗೆ ಸ್ಥಾನ ಹೇಳುವ ಉಪಾಯಕ್ಕೆ 20,000 ಪೌಂಡ್ ಬಹುಮಾನ ಇಟ್ಟಿತು. ವೆಸ್ಟ್ ಇಂಡೀಸ್‌ಗೆ ಆರು ವಾರದ ಪ್ರಯಾಣ ಎಂದುಕೊಂಡರೆ, ಗಡಿಯಾರದ ತಪ್ಪು ದಿನಕ್ಕೆ ಮೂರು ಸೆಕೆಂಡ್ ಮೀರಬಾರದು. ಲೋಲಕದ ಗಡಿಯಾರ ಅಲೆಯ ಹೊಡೆತ ತಾಳದು. ಸೆಕೆ ಏರಿದರೆ ಸ್ಪ್ರಿಂಗ್ ಸಡಿಲ, ಎಣ್ಣೆ ತೆಳು.

ಬಡಗಿಯಾಗಿ ಬೆಳೆದ ಹ್ಯಾರಿಸನ್ ಮೂರು ದೊಡ್ಡ ಯಂತ್ರ ಮಾಡಿದ. ನಾಲ್ಕನೆಯದಾದ ಎಚ್ 4 ಮುಗಿದದ್ದು 1759ರಲ್ಲಿ. ಜೇಬು ಗಡಿಯಾರದ ಆಕಾರ, ಆದರೆ 13 ಸೆಂ.ಮೀ. ಅಗಲ, ಸುಮಾರು ಒಂದೂವರೆ ಕಿಲೋ ತೂಕ. ಹಿಂದೆಮುಂದೆ ತಿರುಗಿ ಹೊತ್ತು ಅಳೆಯುವ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಬಡಿತ ಬಡಿಯುತ್ತದೆ, ಅಷ್ಟು ವೇಗ ಇದ್ದುದರಿಂದಲೇ ಹಡಗಿನ ಓಲಾಟ ಅದನ್ನು ಕೆಡಿಸಲಿಲ್ಲ. ಹಲ್ಲಿನ ಚಕ್ರವನ್ನು ಬಿಟ್ಟುಬಿಟ್ಟು ತಡೆಯುವ ಚೂರು, ಅಂದರೆ ಪ್ಯಾಲೆಟ್, ವಜ್ರದ್ದು. ಸೆಕೆ, ಚಳಿಗೆ ತಾನೇ ಬಾಗಿ ಸರಿಪಡಿಸಿಕೊಳ್ಳುವ ಎರಡು ಲೋಹದ ಪಟ್ಟಿ ಒಳಗಿದೆ. ಕೀಲಿ ಕೊಟ್ಟರೆ 30 ಗಂಟೆ ನಡೆಯುತ್ತದೆ. 1761ರಲ್ಲಿ ಮಗ ವಿಲಿಯಂ ಅದನ್ನು ಜಮೈಕಾಗೆ ಒಯ್ದ. ಮೊದಲೇ ಲೆಕ್ಕ ಹಾಕಿದ್ದ ದಿನದ ನಿಧಾನವನ್ನು ಕಳೆದರೆ 81 ದಿನಕ್ಕೆ ತಪ್ಪಿದ್ದು ಐದು ಸೆಕೆಂಡ್. ‘ಅದೃಷ್ಟ’ ಎಂದು ಬಹುಮಾನ ನಿರ್ಧರಿಸುವ ಮಂಡಳಿ ತಳ್ಳಿಹಾಕಿತು. 1764ರಲ್ಲಿ ಬಾರ್ಬಡೋಸ್‌ಗೆ ಮತ್ತೊಂದು ಪರೀಕ್ಷೆಯಾಯಿತು, ತಪ್ಪು 39 ಸೆಕೆಂಡ್. ಆಮೇಲೆ ಬಂದ ಎಚ್ 5ನ್ನು 1772ರಲ್ಲಿ ದೊರೆ ಮೂರನೇ ಜಾರ್ಜ್ ತಾನೇ ಪರೀಕ್ಷಿಸಿದ. 1776ರಲ್ಲಿ ಹ್ಯಾರಿಸನ್ ತೀರಿಕೊಂಡ.

ಎಚ್ 6 ಎಂಬುದು ಕತೆಯೊಳಗಿನ ಗಡಿಯಾರ. ವಿನ್ಯಾಸದ ಉಲ್ಲೇಖವಿದೆ, ಮಾಡಿದ್ದನೋ ಇಲ್ಲವೋ ಯಾರಿಗೂ ತಿಳಿಯದು ಎಂದು ಸಲಿವನ್ ಒಂದು ಸಂದು ಬಿಟ್ಟು, ಅದರೊಳಗೆ ಕತೆ ತೂರಿಸಿದ್ದಾರೆ. ಬೆಲೆಯ ಮಾತಿಗೆ ಬಂದರೆ, ಹ್ಯಾರಿಸನ್‌ನ ಮೂಲ ಗಡಿಯಾರವೊಂದು ಮಾರಾಟಕ್ಕೆ ಬರುವುದೇ ಊಹೆಗೆ ಮೀರಿದ್ದು. ಹೀಗಾಗಿ 62 ಲಕ್ಷ ಪೌಂಡು, ಆಗಿನ ದರದಲ್ಲಿ 30 ಕೋಟಿ ರೂಪಾಯಿಗೂ ಹೆಚ್ಚು, ಅತಿ ಅನ್ನಿಸುವುದಿಲ್ಲ. ಅದನ್ನು ಗುರುತಿಸುವವನು ಯಾರೋ ದಾರಿಹೋಕನಲ್ಲ, ರಾಕೆಲ್ ತಂದೆ, ಹಳೆಯ ವಸ್ತುಗಳ ವ್ಯಾಪಾರಿ. ಹಿಂದಿನ ರಾತ್ರಿ ಗ್ರೇವಿ ಎಂದು ಕಾಫಿ ಸುರಿಸಿಕೊಂಡವನೇ. ಮರುದಿನ ಗ್ಯಾರೇಜಿಗೆ ಬಂದು ಗುಜರಿ ನಡುವೆ ಕೈಗೆ ಸಿಕ್ಕಿದ್ದನ್ನು ತಿರುಗಿಸಿ ನೋಡುತ್ತಾನೆ. ಆಮೇಲೆ ಮಾಲಿನ ರಶೀದಿ ಬೇಕಾಗುತ್ತದೆ, ಅದು ಸಿಗುವುದು ರಾಡ್ನಿಗೆ. ಇಡೀ ಧಾರಾವಾಹಿಯಲ್ಲಿ ಲೆಕ್ಕಪತ್ರ ಎಂದರೆ ನಗೆಪಾಟಲು, ಕೊನೆಗೆ ಕಾಪಾಡುವುದು ಒಂದು ರಶೀದಿ.

ಪ್ರ: ಆ ಮೂರನೇ ಕಂತಿನ ಲಿಫ್ಟ್ ದೃಶ್ಯವನ್ನು ನಮ್ಮ ಹವ್ಯಾಸಿ ತಂಡ ರಂಗದ ಮೇಲೆ ತರಬಹುದೇ? (ರಂಗತಂಡವೊಂದರ ಸದಸ್ಯರು, ಶಿವಮೊಗ್ಗ)

ಸಂಭಾಷಣೆ ಅನುವಾದಿಸಿ ಆಡಬೇಕೆಂದರೆ ಹಕ್ಕುದಾರರ ಅನುಮತಿ ಬೇಕು, ಟಿಕೆಟ್ ಇಡದಿದ್ದರೂ ಬೇಕು. ಆದರೆ ದೃಶ್ಯ ಕಟ್ಟಿದ ಬಗೆಯನ್ನು ಕಲಿಯಲು ಯಾರ ಅಪ್ಪಣೆಯೂ ಬೇಡ.

ಮಗು ಹೋದ ದುಃಖವನ್ನು ರಾಡ್ನಿ ಹೆಂಡತಿಯ ಹತ್ತಿರವೂ ಆಡುತ್ತಿಲ್ಲ. ಅಣ್ಣತಮ್ಮಂದಿರು ಲಿಫ್ಟಿನಲ್ಲಿರುವಾಗ ಅದು ಕೆಟ್ಟು ನಿಲ್ಲುತ್ತದೆ. ಆ ಕಟ್ಟಡದ ಲಿಫ್ಟ್ ಕೆಡುವುದು ನೋಡುಗರಿಗೆ ಹೊಸದಲ್ಲ, ಹೀಗಾಗಿ ಯಾರೂ ಅನುಮಾನಪಡುವುದಿಲ್ಲ. ಡೆಲ್ ಸಮಾಧಾನ ಹೇಳಲು ಹೋಗುವುದಿಲ್ಲ, ಕೆದಕುತ್ತಾನೆ, ರೇಗಿಸುತ್ತಾನೆ. ರಾಡ್ನಿ ಮೊದಲು ಸಿಟ್ಟಾಗುತ್ತಾನೆ, ಆಮೇಲೆ ಬಾಯಿ ಬಿಡುತ್ತಾನೆ. ಅಷ್ಟಾದ ಮೇಲೆ ಲಿಫ್ಟ್ ನಿಲ್ಲಿಸಿದವನು ಡೆಲ್ಲೇ ಎಂದು ತಿಳಿಯುತ್ತದೆ.

ರಂಗದ ಮೇಲೆ ಇಂಥದ್ದು ಕೆಡುವ ಜಾಗ ಮೂರು. ಒಂದು, ಜಾಗ ದೊಡ್ಡದಾಗುವುದು. ನೆಲದ ಮೇಲೆ ನಾಲ್ಕಡಿ ಚೌಕ ಟೇಪ್ ಅಂಟಿಸಿ, ಅದರಾಚೆ ಕಾಲಿಡದಂತೆ ತಾಲೀಮು ಮಾಡಿ. ಓಡಾಡಲು ಜಾಗ ಸಿಕ್ಕಿದರೆ ನಟ ದುಃಖವನ್ನು ನಡಿಗೆಯಲ್ಲಿ ಖರ್ಚು ಮಾಡಿಬಿಡುತ್ತಾನೆ. ಎರಡು, ಅಣ್ಣನ ಪಾತ್ರಧಾರಿ ಗುಟ್ಟನ್ನು ಮುಖದ ಮೇಲೆ ಹೊತ್ತು ನಿಲ್ಲುವುದು. ಅವನು ನಿಜವಾಗಿ ಸಿಕ್ಕಿಬಿದ್ದವನಂತೆಯೇ ಆಡಬೇಕು. ಮೂರು, ಅಳುವಿಗೆ ಹಿನ್ನೆಲೆ ಸಂಗೀತ. ಮೌನ ಸಾಕು. ದುಃಖದ ನಟ್ಟನಡುವೆ ಒಂದು ನಗೆಮಾತು ಬಂದೇ ಬರುತ್ತದೆ, ಅದನ್ನು ಮೆಲ್ಲಗೆ ಹೇಳಿ ಮುಂದೆ ಸಾಗಿ, ನಗುವಿಗಾಗಿ ಕಾಯಬೇಡಿ.

ಪ್ರ: ಹಿನ್ನೆಲೆಯ ನಗು ಮೊದಲೇ ಮುದ್ರಿಸಿಟ್ಟ ಡಬ್ಬಿಯದ್ದೇ? (ಓದುಗರು, ಉಡುಪಿ)

ಈ ಧಾರಾವಾಹಿಯಲ್ಲಿ ಬಹುಮಟ್ಟಿಗೆ ನಿಜದ ಜನರ ನಗು. ಬಿಬಿಸಿ ಹಾಸ್ಯ ಧಾರಾವಾಹಿಗಳ ರೂಢಿ ಹೀಗೆ: ಬೀದಿಯ ದೃಶ್ಯಗಳನ್ನು ಮೊದಲೇ ಹೊರಗೆ ಚಿತ್ರೀಕರಿಸುತ್ತಾರೆ. ಪೆಕಮ್ ಎಂದು ನೀವು ನೋಡುವುದರಲ್ಲಿ ಕೊನೆಯ ವರ್ಷಗಳ ಬಹುಪಾಲು ಬ್ರಿಸ್ಟಲ್ ನಗರ. ಆಮೇಲೆ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿ, ಫ್ಲ್ಯಾಟು, ಹೆಂಡದಂಗಡಿಯ ದೃಶ್ಯಗಳನ್ನು ಹಲವು ಕ್ಯಾಮೆರಾಗಳಲ್ಲಿ ಒಟ್ಟಿಗೆ ಸೆರೆಹಿಡಿಯುತ್ತಾರೆ. ಹೊರಗಿನ ದೃಶ್ಯಗಳನ್ನು ಅವರಿಗೆ ಪರದೆಯಲ್ಲಿ ತೋರಿಸಿ ನಗುವನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ. ತೊಡಕು ಇರುವುದು ಇಲ್ಲೇ. ಬೀದಿಯಲ್ಲಿ ಆಡುವಾಗ ಜನ ಎಲ್ಲಿ, ಎಷ್ಟು ಹೊತ್ತು ನಗುತ್ತಾರೆಂದು ನಟ ಅಂದಾಜಿನ ಮೇಲೆ ಬಿಡುವು ಕೊಡಬೇಕು. ಕಡಿಮೆಯಾದರೆ ಮುಂದಿನ ಮಾತು ನಗುವಿನಲ್ಲಿ ಮುಳುಗುತ್ತದೆ, ಜಾಸ್ತಿಯಾದರೆ ದೃಶ್ಯ ತೂಕಡಿಸುತ್ತದೆ. 1985ರ ‘ಟು ಹಲ್ ಅಂಡ್ ಬ್ಯಾಕ್’ಗೆ ನಗುವೇ ಇಲ್ಲ, ಅದು ಸಿನಿಮಾದಂತೆ ಚಿತ್ರಿಸಿದ ಕಂತು.

ಪ್ರ: ‘ಟೈಮ್ ಆನ್ ಅವರ್ ಹ್ಯಾಂಡ್ಸ್’ ಕಂತನ್ನು 2 ಕೋಟಿ 43 ಲಕ್ಷ ಜನ ನೋಡಿದರು ಎಂಬುದು ನಂಬುವ ಮಾತೇ? (ವಿದ್ಯಾರ್ಥಿ, ಬೆಂಗಳೂರು)

ನಂಬಬಹುದು. ದೇಶದ ಜನಸಂಖ್ಯೆ ಆಗ 5.8 ಕೋಟಿ ಆಸುಪಾಸು, ಅಂದರೆ ಹತ್ತರಲ್ಲಿ ನಾಲ್ವರು. ಸಾಮಾನ್ಯ ಆಂಟೆನಾಕ್ಕೆ ಸಿಗುತ್ತಿದ್ದ ಚಾನೆಲ್ ನಾಲ್ಕೇ, ಐದನೆಯದು ಶುರುವಾದದ್ದು 1997ರ ಮಾರ್ಚಿನಲ್ಲಿ. ರಜೆ, ಚಳಿ, ನಾಲ್ಕು ಗಂಟೆಗೇ ಕತ್ತಲು, ಮನೆ ತುಂಬ ನೆಂಟರು. ಅದಕ್ಕೂ ಮಿಗಿಲಾಗಿ, 1993ರ ಕ್ರಿಸ್‌ಮಸ್ ನಂತರ ಮೂರು ವರ್ಷ ಒಂದು ಕಂತೂ ಬಂದಿರಲಿಲ್ಲ, ಮತ್ತು ಇದೇ ಕೊನೆ ಎಂದು ಎಲ್ಲರೂ ನಂಬಿದ್ದರು. ಮೊದಲ ಕಂತಿನಲ್ಲಿ ಬ್ಯಾಟ್‌ಮ್ಯಾನ್, ರಾಬಿನ್ ವೇಷ ತೊಟ್ಟ ಅಣ್ಣತಮ್ಮಂದಿರು ಮಂಜಿನೊಳಗಿಂದ ಓಡಿಬರುವುದನ್ನು ನೋಡಿದವರು ಉಳಿದೆರಡನ್ನು ಬಿಡುವುದಾದರೂ ಹೇಗೆ? ಅದೇ ಕಂತಿನ ಆರಂಭದಲ್ಲಿ ರಾಡ್ನಿ ಕಾಣುವ ಕೆಟ್ಟ ಕನಸು 2026ನೇ ಇಸವಿಯದು, ಡೇಮಿಯನ್ ಸಾಮ್ರಾಜ್ಯ ಆಳುತ್ತಿರುತ್ತಾನೆ.

ಪ್ರ: ಶ್ರೀಮಂತರಾಗಿ ಸೂರ್ಯಾಸ್ತದತ್ತ ನಡೆದುಹೋದ ಮೇಲೆ 2001ರಲ್ಲಿ ಮತ್ತೆ ಬಂದರಲ್ಲ, ಅವನ್ನೂ ನೋಡಬೇಕೇ? (ಓದುಗರು, ಮಂಗಳೂರು)

ಕಡ್ಡಾಯವಿಲ್ಲ. 2001, 2002, 2003ರ ಕ್ರಿಸ್‌ಮಸ್‌ಗಳಿಗೆ ಒಂದೊಂದು ಕಂತು ಬಂತು. ಹೂಡಿಕೆಯಲ್ಲಿ ದುಡ್ಡೆಲ್ಲ ಕಳೆದುಕೊಂಡು ಅಣ್ಣತಮ್ಮಂದಿರು ಮತ್ತೆ ಪೆಕಮ್ ಸೇರುತ್ತಾರೆ. ಅಷ್ಟರಲ್ಲಿ ಬಸ್ಟರ್ ಮೆರಿಫೀಲ್ಡ್ ತೀರಿಕೊಂಡಿದ್ದರು. ಜನ ಆಗಲೂ ಮುಗಿಬಿದ್ದು ನೋಡಿದರು, 2001ರದ್ದಕ್ಕೆ 2 ಕೋಟಿ ದಾಟಿತು. ಆದರೆ ಕಟ್ಟಿದ್ದನ್ನು ಕೆಡವಿಯೇ ಕತೆ ಶುರುಮಾಡಬೇಕಾಯಿತು, ನಮ್ಮ ಪ್ರಕಾರ 1996ರದ್ದೇ ಸರಿಯಾದ ಮುಕ್ತಾಯ. ಹರಾಜು ಮುಗಿಸಿ ಬಂದು ವ್ಯಾನಿನೊಳಗೆ ಇಬ್ಬರೂ ಕಲ್ಲಿನಂತೆ ಕೂತು, ಆಮೇಲೆ ಇಡೀ ವ್ಯಾನು ಅಲುಗಾಡುವಂತೆ ಕಿರುಚಿಕೊಳ್ಳುವ ದೃಶ್ಯವನ್ನು ಮೀರಿಸುವುದು ಅವುಗಳಲ್ಲಿ ಇಲ್ಲ.

ಪ್ರ: ಡಿವಿಡಿ ಕೊಳ್ಳುವಾಗ ಏನು ಗಮನಿಸಬೇಕು? (ಅದೇ ಓದುಗರು)

ಕಂತಿನ ಅವಧಿ. ಹಾಡುಗಳ ಹಕ್ಕಿನ ತಕರಾರಿನಿಂದ ಕೆಲವು ದೃಶ್ಯಗಳಿಗೆ ಕತ್ತರಿ ಬಿದ್ದಿದೆ, ಕೆಲವೆಡೆ ಹಾಡು ಬದಲಾಗಿದೆ. 1986ರ ‘ಎ ರಾಯಲ್ ಫ್ಲಶ್’ ಅಂತೂ ಡಿವಿಡಿಗೆ ಬರುವಾಗ 20 ನಿಮಿಷಕ್ಕೂ ಹೆಚ್ಚು ಮೊಟಕಾಗಿ, ಮೂಲದಲ್ಲಿ ಇರದಿದ್ದ ನಗುವನ್ನೂ ಸೇರಿಸಿಕೊಂಡಿದೆ. ಬ್ರಿಟನ್ನಿನಿಂದ ತರಿಸುವ ಡಿಸ್ಕ್ ರೀಜನ್ 2ರದ್ದು, ಭಾರತದ ಪ್ಲೇಯರ್ ರೀಜನ್ 5ರದ್ದು. ಎಲ್ಲ ರೀಜನ್ ಓದುವ ಪ್ಲೇಯರ್ ಇದ್ದರೆ ಮಾತ್ರ ತರಿಸಿ.