ಬಾವಿಯೊಳಗಿನ ಚಿಪ್ಪು, ಪದವಿನ ಮುರಕಲ್ಲು

ಮೂಲ್ಕಿ ಸಮೀಪದ ಓದುಗರೊಬ್ಬರ ಪತ್ರ: ‘ಕಡಲಿನಿಂದ ಎರಡು ಕಿಲೋಮೀಟರ್ ಒಳಗಿರುವ ನಮ್ಮ ಗದ್ದೆಯಲ್ಲಿ ಬಾವಿ ತೋಡುವಾಗ 14 ಅಡಿಯಲ್ಲಿ ಕಪ್ಪು ಕೆಸರು, ಅದರೊಳಗೆ ರಾಶಿ ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ಸಿಕ್ಕಿತು. ಇದು ಡೈನೋಸಾರ್ ಕಾಲದ್ದೇ? ಪರಶುರಾಮ ಕಡಲನ್ನು ಹಿಂದೆ ಸರಿಸಿ ನಾಡು ಪಡೆದ ಕಥೆಗೆ ಸಾಕ್ಷಿಯೇ? ಮೂಡುಬಿದಿರೆಯ ಪದವಿನಲ್ಲಿರುವ (ಗುಡ್ಡದ ಮೇಲಿನ ಬಯಲಿನಲ್ಲಿರುವ) ಅಕ್ಕನ ಬಾವಿಯಲ್ಲಿ ಒಂದು ಚಿಪ್ಪೂ ಇಲ್ಲ, ಯಾಕೆ?’

ಮಾನ್ಯರೇ,

ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ನಿಮ್ಮ ಚಿಪ್ಪಿನದು ಹೆಚ್ಚೆಂದರೆ ಸಾವಿರಗಳ ಲೆಕ್ಕ. ಸುಮಾರು 20,000 ವರ್ಷಗಳ ಹಿಂದೆ ಉತ್ತರದ ಖಂಡಗಳ ಮೇಲೆ ಹಿಮ ಪೇರಿಕೊಂಡಿತ್ತು, ಕಡಲು ಈಗಿನದಕ್ಕಿಂತ 120 ಮೀಟರ್‌ನಷ್ಟು ಕೆಳಗಿತ್ತು. ಆಗ ಮಲ್ಪೆಯಲ್ಲಿ ನಿಂತವರಿಗೆ ಕಡಲೇ ಕಾಣುತ್ತಿರಲಿಲ್ಲ. ಹಿಮ ಕರಗಿ ನೀರು ಏರಿತು. ಏರಿಕೆ ನಿಧಾನವಾದದ್ದು ಸುಮಾರು 7,000 ವರ್ಷಗಳ ಹಿಂದೆ. ಉಪ್ಪುನೀರು ನದಿಕಣಿವೆಗಳೊಳಗೆ ನುಗ್ಗಿ ಅಳಿವೆಯಾಯಿತು, ಮರುವಾಯಿ ಬೆಳೆಯಿತು. ಆಮೇಲೆ ಹೊಳೆಯ ಮಣ್ಣು ತುಂಬಿ ಗದ್ದೆಯಾಯಿತು. ನಿಮ್ಮಲ್ಲಿಗೆ ಒಂದು ಕಾಲಕ್ಕೆ ಉಪ್ಪುನೀರು ಬಂದಿತ್ತು ಎಂಬುದಷ್ಟನ್ನೇ ಚಿಪ್ಪು ಹೇಳುತ್ತದೆ. ಕಥೆ ಹುಟ್ಟಿದ್ದು ಹೇಗೆ ಎನ್ನುವುದಕ್ಕೆ ಅದನ್ನು ಸಾಕ್ಷಿ ಕರೆಯಬಾರದು.

ಬೇಸರದ ಸಂಗತಿ ಬೇರೆ ಇದೆ. ಆ ತಗ್ಗಿನ ಕಡಲ ಕಾಲದಲ್ಲಿ ದಡದಲ್ಲಿ ಮೀನು ಹಿಡಿದು ಬದುಕಿದವರ ನೆಲೆಗಳು ಈಗ ನೀರಿನಡಿ ಇವೆ. ನಮಗೆ ಉಳಿದದ್ದು ಒಳನಾಡಿನ ಗುರುತುಗಳು: ಉಡುಪಿ ಜಿಲ್ಲೆಯ ಬುದ್ಧನಜೆಡ್ಡಿನಲ್ಲಿ ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಹಾಸಿನ ಮೇಲಿನ ಕೆತ್ತನೆಗಳಂಥವು.

ಇನ್ನು ಅಕ್ಕನ ಬಾವಿ. ಆ ಪದವು ಮುರಕಲ್ಲಿನದು. ಮುರಕಲ್ಲನ್ನು ಕಡಲು ತಂದು ಹಾಕಿದ್ದಲ್ಲ. ಮಳೆ ಮತ್ತು ಸೆಕೆಗೆ ಬಂಡೆ ನಿಂತಲ್ಲೇ ಕೊಳೆತು, ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದದ್ದು ಅದು. ಆ ಮಣ್ಣು ಹುಳಿ ಸ್ವಭಾವದ್ದು. ಚಿಪ್ಪು ಬಿದ್ದರೂ ಎಲುಬು ಬಿದ್ದರೂ ಕರಗಿಸುತ್ತದೆ. ಅದರಡಿ ಶೇಡಿ ಮಣ್ಣು (ಮೆತ್ತಗಿನ ಜೇಡಿ), ಅದರಡಿ ಪಾದೆ (ಗಟ್ಟಿ ಬಂಡೆ). ನಮ್ಮ ಪಾದೆಗಳಲ್ಲಿ ಹಲವು ಸುಮಾರು 300 ಕೋಟಿ ವರ್ಷ ಹಳೆಯವು, ಭೂಮಿಯಲ್ಲಿ ಸೂಕ್ಷ್ಮಜೀವಿಗಳ ಹೊರತು ಏನೂ ಇಲ್ಲದ ಕಾಲದವು. ಅಲ್ಲಿ ಎಲುಬು ಹುಡುಕಿ ಫಲವಿಲ್ಲ.

ನಮ್ಮ ಹಿರಿಯರ ಬದುಕನ್ನು ಕಟ್ಟಿದ್ದು ಇದೇ ಪದರಗಳು. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ, ಗುಡ್ಡದ ಬುಡದಲ್ಲಿ ಒಸರುತ್ತದೆ. ಒಸರು ನಿಲ್ಲದ ತಗ್ಗು ಬೈಲು, ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರೂ ಭತ್ತದ ಬೆಳೆ ಅಲ್ಲಿ ಬರುತ್ತಿತ್ತು. ಅದಕ್ಕಿಂತ ಮೇಲೆ ಎರಡು ಬೆಳೆಯ ಮಜಲು, ಮಳೆಯನ್ನೇ ನಂಬಿದ ಬೆಟ್ಟು. ಈ ಹೆಸರುಗಳು ಊರು, ಮನೆತನಗಳಿಗೂ ಅಂಟಿಕೊಂಡಿವೆ. ಅಕ್ಕನವರಿಗೆ ಒಂದು ಮಾತು ತಿಳಿಸಿ: ಶೇಡಿ ಸಿಕ್ಕಿದ ಮೇಲೆ ರಿಂಗ್ ಇಳಿಸದೆ ಆಳ ಮಾಡಬಾರದು. ಒದ್ದೆಯಾದ ಶೇಡಿ ಒಮ್ಮೆಲೇ ಜರಿದು ಬೀಳುತ್ತದೆ.

ಚಿಪ್ಪುಗಳನ್ನು ನೋಡುವ ಕ್ರಮ ಹೀಗೆ. ಎರಡು ಹೋಳು ಮುಚ್ಚಿಕೊಂಡೇ ಇದ್ದರೆ ಜೀವಿ ಅಲ್ಲೇ ಸತ್ತಿದೆ. ಅಂಚು ಸವೆದು ಚೂರಾಗಿದ್ದರೆ ನೀರು ಹೊತ್ತು ತಂದಿದೆ. ಇದ್ದಿಲು, ಮಡಕೆ ಚೂರಿನ ಜೊತೆ ಬಿಡಿ ಹೋಳುಗಳ ರಾಶಿ ಸಿಕ್ಕರೆ ಮನುಷ್ಯರು ತಿಂದು ಎಸೆದದ್ದಿರಬಹುದು. ಹಾಗಿದ್ದರೆ ತೋಡುವುದನ್ನು ನಿಲ್ಲಿಸಿ. ಪ್ರತಿ ಮಾದರಿಯ ಆಳವನ್ನು ಅಡಿ, ಅಂಗುಲದಲ್ಲಿ ಬರೆದಿಡಿ. ಉಜ್ಜಿ ತೊಳೆಯಬೇಡಿ, ವಾರ್ನಿಷ್ ಹಚ್ಚಬೇಡಿ; ಹಚ್ಚಿದರೆ ಕಾರ್ಬನ್ ಕಾಲನಿರ್ಣಯ (ಇಂಗಾಲ ಅಳೆದು ವಯಸ್ಸು ಕಂಡುಹಿಡಿಯುವ ಕ್ರಮ) ಕೆಡುತ್ತದೆ. ಕಡಲನೀರಿನಲ್ಲಿ ಹಳೆಯ ಇಂಗಾಲವೂ ಸೇರಿರುವುದರಿಂದ ಚಿಪ್ಪು ನಿಜಕ್ಕಿಂತ ಕೆಲವು ನೂರು ವರ್ಷ ಹೆಚ್ಚು ಹಳೆಯದೆಂದು ಕಾಣುತ್ತದೆ. ಆ ತಿದ್ದುಪಡಿ ಮಾಡಿದ್ದಾರೆಯೇ ಎಂದು ಕೇಳಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನ ವಿಭಾಗದವರಿಗೆ ತೋರಿಸಬಹುದು.

ತೆಗೆದ ಕೆಸರನ್ನು ಮಾತ್ರ ಅಂಗಳದಲ್ಲಿ ರಾಶಿ ಹಾಕಿಡಬೇಡಿ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅದರಲ್ಲಿ ಗಂಧಕ ಇದೆ ಎಂದರ್ಥ. ಗಾಳಿ ತಾಗಿ ಅದು ಆಮ್ಲವಾಗುತ್ತದೆ, ಒಳಗಿನ ಚಿಪ್ಪನ್ನು ತಿನ್ನುತ್ತದೆ, ತೆಂಗಿನ ಬುಡಕ್ಕೆ ಹಾಕಿದರೆ ಬೇರಿಗೂ ಕೆಡುಕು. ಮಳೆ ಹಿಡಿಯುವ ಮೊದಲೇ ಚಿಪ್ಪು ಆರಿಸಿಟ್ಟುಕೊಳ್ಳಿ.

- ಸಂಪಾದಕ